ಮುದಿ ಕೋಣದ ನಿಟ್ಟುಸಿರು

ಬೆಳಗಿನ ಹಾಲಿನ ಜೊತೆ ಉಲ್ಲಾಸದ ಪ್ಯಾಕೆಟ್ಟೂ ಬರತೊಡಗಿದ ಮೇಲೆ, ಅದನ್ನು ಕುಡಿಯದೆ ಕೆಲಸಕ್ಕೆ ಹೋಗುವವರೇ ಇರಲಿಲ್ಲ. ಕಾರ್ಟೂನುಗಳಿಗೆ ದನಿ ಕೊಡುವ ಫಾಲಾಕ್ಷನಿಗೆ ಅದೇ ಸಂಕಟ. ಅವನು ಬಾಯಿ ತೆರೆಯುವ ಮೊದಲೇ ಸ್ಟುಡಿಯೋದವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ತನ್ನ ಕಲೆ ಬದುಕಿದೆಯೋ ಸತ್ತಿದೆಯೋ ಕೇಳುವುದು ಯಾರನ್ನು?

ಅದಕ್ಕೇ ಏಕಾದಶಿಗೆ ಕಾದ. ಅಂದು ಸ್ಟುಡಿಯೋದ ಲೆಕ್ಕ ನೋಡುವ ಪದ್ದಕ್ಕನದು ನಿಟ್ಟುಪವಾಸ, ಪ್ಯಾಕೆಟ್ಟನ್ನೂ ಮುಟ್ಟುವುದಿಲ್ಲ. ಮರುದಿನ ರೆಕಾರ್ಡಾಗಬೇಕಿದ್ದ ಮುದಿ ಕೋಣದ ದನಿಯನ್ನು ಅವರೆದುರು ತೆಗೆದ.

ಪದ್ದಕ್ಕ ನಗಲಿಲ್ಲ. "ಮುದಿ ಕೋಣ ಅಂತೀಯ, ಎಳೆಗರು ಕುಣಿದ ಹಾಗಿದೆಯಲ್ಲೋ. ಅದಕ್ಕೂ ಪ್ಯಾಕೆಟ್ ಕುಡಿಸಿದೀಯೇನು?"

ಮರುದಿನ ಫಾಲಾಕ್ಷ ಏನೂ ಕುಡಿಯದೆ, ಮಂಕಾಗಿಯೇ ಮೈಕಿನ ಮುಂದೆ ನಿಂತ. ಕೋಣದ ನಿಟ್ಟುಸಿರು ಅವನದೇ ಎದೆಯಿಂದ ಎದ್ದು ಬಂತು. ದ್ವಾದಶಿಯಾದ್ದರಿಂದ ಪದ್ದಕ್ಕನೂ ಎಲ್ಲರೊಡನೆ ನಗುತ್ತಿದ್ದರು. ದನಿ ಸರಿಬಂತೇ ಎಂದು ಅವನಿಗೆ ಯಾರ ಮುಖವನ್ನೂ ನೋಡಬೇಕೆನಿಸಲಿಲ್ಲ.