ಕಣ್ಣಿಗೊಂದು ತೊಟ್ಟು

ಪಶುವೈದ್ಯ ಕೋಳಿಗಳ ರಕ್ತಪರೀಕ್ಷೆಯ ಫಲಿತಾಂಶ ಕೇಳಲು ಫೋನನ್ನು ಕಿವಿಗೊತ್ತಿಕೊಂಡು "ಹೂಂ, ಹೂಂ" ಅನ್ನುತ್ತಿದ್ದರೆ, ಅತ್ತೆ ತನ್ನ ಮುದಿ ಕೋಳಿಯನ್ನು ಅವುಚಿಕೊಂಡು ಗೂಡಿನ ಬಾಗಿಲಿಗೆ ಕೋಟೆಯ ಹಾಗೆ ಅಡ್ಡ ಕೂತಿದ್ದಳು. ಹತ್ತು ದಿನದ ಹಿಂದೆ ರೋಗದಿಂದ ಕತ್ತು ತಿರುಚಿಕೊಂಡ ಪಾರಿವಾಳವೊಂದು ಕೋಳಿಗಳು ಕುಡಿಯುವ ನೀರಿಗೇ ಬಿದ್ದು ಸತ್ತಿತ್ತು. ಅದರ ವೈರಸ್ಸು ಇವಕ್ಕೂ ದಾಟಿದ್ದರೆ ಅರವತ್ತು ಕೋಳಿಗಳನ್ನೂ ಇವತ್ತೇ ಕೊಂದು ಹೂಳಬೇಕು.

ವೈದ್ಯ ಫೋನು ಇಳಿಸಿದ.

"ಪಾರಿವಾಳದ ರೋಗಕ್ಕೆ ನಮ್ಮ ಕೋಳಿಗಳ ವಿಳಾಸ ಕೊಟ್ಟೋರ್ಯಾರು?" ಅತ್ತೆ ಗದರಿದಳು.

"ಅದು ವೇಷ ಬದಲಾಯಿಸ್ಕೊಂಡು ಊರೂರು ಸುತ್ತುತ್ತೆ ಅಜ್ಜಿ. ಆದ್ರೆ ನಿಮ್ಮ ಒಂದು ಕೋಳಿಗೂ ತಗುಲಿಲ್ಲ! ಲಸಿಕೆ ಕಾಪಾಡಿದೆ. ಹಾಕಿದ್ಯಾರು?"

ಪಕ್ಕದಲ್ಲಿ ನಿಂತಿದ್ದ ಸೊಸೆ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ತಿಂಗಳ ಹಿಂದೆ ಅವಳು ಒಂದೊಂದೇ ಕೋಳಿ ಹಿಡಿದು ಕಣ್ಣಿಗೆ ಲಸಿಕೆಯ ತೊಟ್ಟು ಬಿಡುತ್ತಿದ್ದಾಗ, "ನಾಳೆ ಕಾಡಿಗೆ ಹಚ್ಚಿ ಮದುವೇನೂ ಮಾಡಿಸ್ತೀಯೇನೇ?" ಎಂದು ಅತ್ತೆ ಏಳು ಊರಿಗೆ ಕೇಳುವಂತೆ ನಕ್ಕಿದ್ದಳು.

ಈಗ ಅತ್ತೆ ಕೋಳಿಯನ್ನು ಹಾರಬಿಟ್ಟು, ಸೊಸೆಯ ಮುಂದೆ ಮುಖ ಮೇಲೆತ್ತಿ, ಎರಡು ಬೆರಳಿನಿಂದ ರೆಪ್ಪೆ ಅಗಲಿಸಿದಳು.

"ನನಗೂ ಒಂದು ತೊಟ್ಟು ಬಿಡೇ ತಾಯಿ. ಮನೇಲೇ ಇದ್ದ ಡಾಕ್ಟ್ರನ್ನ ಕಾಣದ ಕಣ್ಣು ಇವು!"