ಬರೆಯದೆ ಉಳಿದ ಎಚ್ಚರಿಕೆ

"ಓದಿ ಮೇಡಂ. ಎಲ್ಲರಿಗೂ ಕೇಳೋ ಹಾಗೆ ಓದಿ," ಎಂದರು ಮಾಲೀಕ ಚನ್ನಲಿಂಗಪ್ಪ.

ಪ್ರತಿಮಾ ಕೈಯಲ್ಲಿದ್ದ ಹಾಳೆಯನ್ನು ನೋಡಿದಳು. ಹಿಂದಿನ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಾಯ್ಲರಿನ ಕಂಪ್ಯೂಟರ್ ಏನೇನು ಹೇಳಿತ್ತೋ ಅದೆಲ್ಲ ಅಲ್ಲಿ ಇರಬೇಕಿತ್ತು. ಇದ್ದದ್ದು ಒಂದೇ ಸಾಲು.

"ಹನ್ನೊಂದು ನಲವತ್ತು. ಎರರ್. ಹಬೆಯ ಒತ್ತಡ ಒಮ್ಮೆಲೇ ಕುಸಿದಿದೆ."

"ಅಂದ್ರೆ ಪೈಪ್ ಕಿತ್ತುಹೋದ ಮೇಲೆ. ಅದಕ್ಕೂ ಮುಂಚೆ?"

"ಏನೂ ಇಲ್ಲ ಸಾರ್."

ರಾಮನಗರದ ಹೊರಗಿದ್ದ ಆ ರೇಷ್ಮೆ ನೂಲಿನ ಕಾರ್ಖಾನೆಯ ಅಂಗಳದಲ್ಲಿ ನಿಂತಿದ್ದ ಅರವತ್ತು ಜನ ಬಾಯ್ಲರ್ ನೋಡಿಕೊಳ್ಳುವ ಮುನಿಶಾಮಯ್ಯನ ಕಡೆ ತಿರುಗಿದರು. ಗೂಡು ಬೇಯಿಸುವ ತೊಟ್ಟಿಯ ಹತ್ತಿರ ಹಬೆಯ ಕೊಳವೆ ಬಿಚ್ಚಿಕೊಂಡು ಅಲ್ಲಿ ಕೆಲಸ ಮಾಡುತ್ತಿದ್ದ ಅಕ್ಬರಿ ಬೇಗಂಳ ಬಲಗೈ ಮೊಣಕೈವರೆಗೆ ಬೆಂದಿತ್ತು. ಯಾರಾದರೂ ಹೊಣೆ ಹೊರಲೇಬೇಕಿತ್ತು.

"ಯಂತ್ರದ್ದೇನೂ ತಪ್ಪಿಲ್ಲ ಅಂತ ಹಾಳೆ ಹೇಳ್ತಾ ಇದೆ. ನೀವೇನಂತೀರಿ?" ಎಂದು ಚನ್ನಲಿಂಗಪ್ಪ ಅವನನ್ನು ಕೇಳಿದರು.

ಮುನಿಶಾಮಯ್ಯ ಒಂದು ಗಳಿಗೆ ಪ್ರತಿಮಾಳನ್ನು ನೋಡಿದ. ಆಮೇಲೆ ತಲೆ ತಗ್ಗಿಸಿದ.

"ಮೇಡಮ್ಮೋರು ಬರ್ದಿರೋದು ಸರಿಯಾಗೇ ಇರ್ತೈತೆ ಬುದ್ದಿ. ನಾನೇ ಒಸಿ ಮೈಮರ್ತೆ."

ಹನ್ನೆರಡು ವರ್ಷದ ಕೆಲಸ ಆ ಒಂದು ಮಾತಿಗೆ ಹೋಯಿತು. ಮುನಿಶಾಮಯ್ಯ ಟವೆಲ್ ಹೆಗಲಿಗೆ ಹಾಕಿಕೊಂಡು ಗೇಟು ದಾಟಿದ. ಚನ್ನಲಿಂಗಪ್ಪ ಪ್ರತಿಮಾಳ ಹತ್ತಿರ ಬಂದು, "ಯಾರ ಮುಖವನ್ನೂ ನೋಡದೆ ಇದ್ದದ್ದು ಇದ್ದ ಹಾಗೆ ಓದಿದ್ರಿ. ನಿಮ್ಮಂಥವರು ಬೇಕಮ್ಮ," ಎಂದರು. ಆ ಹೊಗಳಿಕೆ ಅವಳ ಮೈಮೇಲೆ ಕುದಿನೀರಿನಂತೆ ಬಿತ್ತು.

ಇದ್ದದ್ದನ್ನೇನೋ ಅವಳು ಓದಿದ್ದಳು. ಇರಬೇಕಾದದ್ದು ಯಾಕಿಲ್ಲ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಬಾಯ್ಲರಿಗೆ ಕಂಪ್ಯೂಟರ್ ಕೂಡಿಸಿದ್ದು ಅವಳೇ. ಎರಡು ಸಾವಿರದ ಆರನೇ ಇಸವಿ. ಆ ಸುತ್ತಿನಲ್ಲಿ ಅಂಥದ್ದು ಬೇರೆಲ್ಲೂ ಇರಲಿಲ್ಲ. ಪ್ರೋಗ್ರಾಂ ಆಡುವ ಮಾತುಗಳನ್ನೆಲ್ಲ ಬರೆದಿಡಲು ಅವಳು ಲಾಗಿಂಗ್ ಲೈಬ್ರರಿ ಎಂಬ, ಬೇರೆಯವರು ಬರೆದಿಟ್ಟ ಸಿದ್ಧ ಸಾಫ್ಟ್‌ವೇರ್ ಬಳಸಿದ್ದಳು. ಮಾತಿನ ತೀವ್ರತೆಗೆ ತಕ್ಕಂತೆ ಅದರಲ್ಲಿ ದರ್ಜೆಗಳಿದ್ದವು. ಸುಮ್ಮನೆ ತಿಳಿಸುವುದಾದರೆ ಇನ್ಫೋ, ಹುಷಾರು ಎನ್ನುವುದಾದರೆ ವಾರ್ನಿಂಗ್, ಕೆಟ್ಟಿತು ಎನ್ನುವುದಾದರೆ ಎರರ್. ಯಾವ ದರ್ಜೆಯಿಂದ ಮೇಲಿನದನ್ನು ಬರೆಯಬೇಕೆಂದು ಒಂದು ಪದದಲ್ಲಿ ಹೇಳಿದರೆ ಸಾಕು, ಅದಕ್ಕಿಂತ ಕೆಳಗಿನದ್ದು ಕಡತಕ್ಕೂ ಹೋಗದು, ಪರದೆಯ ಮೇಲೂ ಬಾರದು.

ಎರಡು ವಾರದ ಹಿಂದೆ ವಾರ್ನಿಂಗುಗಳು ದಿನಕ್ಕೆ ನೂರಾರು ಬರತೊಡಗಿದವು. ಒತ್ತಡ ಏರುಪೇರಾಗುತ್ತಿದೆ, ಒತ್ತಡ ಹೆಚ್ಚುತ್ತಿದೆ, ಅದೇ ಪಲ್ಲವಿ. ಕಡತ ಊದಿಕೊಂಡು ಪ್ರೋಗ್ರಾಂ ನಿಧಾನವಾಯಿತು. ಆಮೇಲೆ ನೋಡಿದರಾಯಿತು ಎಂದುಕೊಂಡು ದರ್ಜೆಯ ಆ ಪದ ವಾರ್ನಿಂಗ್ ಎಂದಿದ್ದ ಕಡೆ ಎರರ್ ಎಂದು ಬರೆದಳು. ಪರದೆ ಶುಭ್ರವಾಯಿತು. ಆಮೇಲೆ ಅವಳು ನೋಡಲಿಲ್ಲ.

ಇನ್ನೊಂದು ಸಂಗತಿಯಿತ್ತು. ಪೈಪ್ ಕಿತ್ತುಹೋದ ದಿನ ಹನ್ನೊಂದು ಗಂಟೆಗೆ ಮುನಿಶಾಮಯ್ಯ ಅವಳ ಕೋಣೆಯ ಬಾಗಿಲಿಗೆ ಬಂದಿದ್ದ.

"ಮೇಡಂ, ಪೈಪು ಒಂಥರಾ ಸದ್ದು ಮಾಡ್ತೈತೆ. ಮೀಟ್ರು ಮುಳ್ಳೂ ಒಸಿ ಮ್ಯಾಕೆ ಐತೆ. ನಿಲ್ಲುಸ್ಲಾ? ನಿಮ್ ಕಂಪ್ಯೂಟ್ರು ಏನಂತೈತೆ?"

ಅವಳು ಖಾಲಿ ಪರದೆ ನೋಡಿ, "ಏನೂ ಇಲ್ಲ, ಎಲ್ಲ ಸರಿಯಾಗಿದೆ" ಎಂದಿದ್ದಳು.

"ನೀವಂದ್ರೆ ಸರಿ," ಎಂದು ಅವನು ಹೊರಟುಹೋಗಿದ್ದ.

ಇದನ್ನು ಅವನು ಅಂಗಳದಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದು ನೆನೆದಾಗಲೆಲ್ಲ ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಮರುದಿನ ಆಸ್ಪತ್ರೆಗೆ ಹೋದಳು. ಕೈತುಂಬ ಬ್ಯಾಂಡೇಜು ಸುತ್ತಿಕೊಂಡಿದ್ದ ಅಕ್ಬರಿ ಬೇಗಂ ತನ್ನ ನೋವಿನ ಮಾತೇ ಆಡಲಿಲ್ಲ.

"ಮುನಿಶಾಮಣ್ಣನ್ನ ತೆಗೆದ್ಬುಟ್ರಂತೆ? ಅವ್ರು ಮುಳ್ಳು ನೋಡ್ದೆ ನೀರೂ ಕುಡಿಯಲ್ಲ ಕಣಮ್ಮ. ಎಲ್ಲೋ ಏನೋ ತಪ್ಪಾಗೈತೆ."

ಪ್ರತಿಮಾಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ನೇರ ಕಾರ್ಖಾನೆಗೆ ಬಂದು ಚನ್ನಲಿಂಗಪ್ಪನವರಿಗೆ ನಡೆದದ್ದನ್ನೆಲ್ಲ ಹೇಳಿದಳು. ಬದಲಿಸಿದ ಪದವನ್ನು ತೋರಿಸಿದಳು. ಬಾಗಿಲಲ್ಲಿ ತಾನು ಕೊಟ್ಟ ಉತ್ತರವನ್ನೂ ಮುಚ್ಚಿಡಲಿಲ್ಲ.

ಚನ್ನಲಿಂಗಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸೋಮವಾರ ಅವರನ್ನ ವಾಪಸ್ ಕರೆಸ್ತೀನಿ. ಇದನ್ನ ಎಲ್ಲರ ಮುಂದೆ ನೀವೇ ಹೇಳಬೇಕು."

"ಹೇಳ್ತೀನಿ ಸಾರ್."

"ಒಂದು ಅರ್ಥವಾಗ್ತಿಲ್ಲ. ನೀವು ಸುಮ್ಮನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಒಬ್ಬ ಬಾಯ್ಲರ್ ಆಳಿಗೋಸ್ಕರ ನಿಮ್ಮ ಹೆಸರನ್ನ ಹಾಳು ಮಾಡ್ಕೊಂಡ್ರಲ್ಲ?"

ಉತ್ತರ ನಾಲಗೆಯ ತುದಿಯಲ್ಲಿತ್ತು. ಅವಳು ಕೊಡಲಿಲ್ಲ. ಹೊರಗೆ ಬಂದ ಮೇಲೆ, ಆ ಮೌನಕ್ಕೂ ನಾಚಿಕೆಯಾಯಿತು.

ಕನಕಪುರದಲ್ಲಿ ಬಸ್ಸು ಬದಲಿಸಿ ಕೋಡಿಹಳ್ಳಿಯಲ್ಲಿ ಇಳಿದಾಗ ಸಂಜೆ ಐದು ಗಂಟೆ. ಯಾರನ್ನೂ ದಾರಿ ಕೇಳದೆ ನಡೆದಳು. ಮುನಿಶಾಮಯ್ಯನ ಹೆಂಡತಿ ಹನುಮಂತಮ್ಮ ಬಾಗಿಲಲ್ಲಿದ್ದವಳು ಅವಳನ್ನು ಕಂಡು ಮಾತಾಡದೆ ಒಳಗೆ ಹೋದಳು. ಗಂಡನ ತಲೆ ತಗ್ಗಿಸಿದವಳ ಜೊತೆ ಅವಳಾದರೂ ಏನು ಮಾತಾಡಿಯಾಳು?

ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ ಮುನಿಶಾಮಯ್ಯ ಕೈ ಕೊಡವಿಕೊಂಡು ಬಂದ. ಪ್ರತಿಮಾ ನಿಂತಲ್ಲೇ ಅಳತೊಡಗಿದಳು.

"ತಪ್ಪು ನಂದು. ಎಲ್ಲಾ ಹೇಳಿ ಬಂದಿದ್ದೀನಿ. ಸೋಮವಾರದಿಂದ ಕೆಲಸಕ್ಕೆ ಬರಬೇಕಂತೆ."

"ಗೊತ್ತಿತ್ತು," ಎಂದ ಮುನಿಶಾಮಯ್ಯ. "ಸದ್ದು ಕೇಳ್ದಾಗ್ಲೇ ಗೊತ್ತಿತ್ತು, ಕಂಪ್ಯೂಟ್ರು ಸುಳ್ಳು ಯೋಳ್ತೈತೆ ಅಂತ. ನಿಲ್ಲುಸ್ಬೇಕಾಗಿತ್ತು. ನಿನ್ ಮಾತ್ನ ಮೀರಿದ್ರೆ ಎಲ್ರ ಮುಂದೆ ನಿಂಗೆ ಅವಮಾನ ಆಯ್ತದೆ ಅಂತ ಸುಮ್ಕಾದೆ. ಪಾಪ, ಆ ಹೆಣ್ಮಗಳ ಕೈ ಬೆಂದೋಯ್ತು. ನಂದೂ ತಪ್ಪೈತೆ."

ಅವನು ಟವೆಲ್ಲಿನ ತುದಿಯಿಂದ ಅವಳ ಕಣ್ಣೊರೆಸಿದ.

"ಬತ್ತೀನಿ ಕಣವ್ವ. ಬಾಯ್ಲರ್ ಆಳಿನ ಮಗಳು ಅಂತ ಫ್ಯಾಕ್ಟ್ರೀಲಿ ಯಾರ್ಗೂ ಗೊತ್ತಾಗ್ಬಾರ್ದು ಅಂತ ನೀನೇ ಅಂದಿದ್ದೆ, ನಾನು ಇವತ್ತಿನವರ್ಗೂ ಯೋಳ್ನಿಲ್ಲ. ಸೋಮವಾರ ಎಲ್ರ ಮುಂದೆ ನಿಂತಾಗ್ಲಾದ್ರೂ ಒಂದ್ಸಲ ಅಪ್ಪಾ ಅಂತ ಕರೀತೀಯಾ?"