ಮೊಲದ ಮೇಲೆ ಏಳು ಹುಣಸೆ ಬೀಜ

ನಾನು ಟೇಬಲ್ ಮೇಲೆ ಡ್ರ್ಯಾಗನ್ ಕಾರ್ಡ್ ಇಟ್ಟೆನೆಂದರೆ ಕೆಳಗಿನ ಹೋಟೆಲಿನವರು ಗ್ಯಾಸ್ ಆಫ್ ಮಾಡುತ್ತಾರೆ... ಅದರ ಬೆಂಕಿಯ ಕಾವಿನಲ್ಲೇ ಇಪ್ಪತ್ತು ಮಸಾಲೆ ದೋಸೆ ಏಳುತ್ತವೆ.

ನಂಬದಿದ್ದರೆ ಹುಬ್ಬಳ್ಳಿಗೆ ಬನ್ನಿ. ನಮ್ಮ ಕಾರ್ಡ್ ಕ್ಲಬ್‌ನಲ್ಲಿ ನನ್ನ ಹೆಸರು ಹೇಳಿದರೆ ಎದುರಾಳಿಗಳು ಚಪ್ಪಲಿ ಬಿಟ್ಟು ಓಡುತ್ತಾರೆ...

ಗೊತ್ತಿಲ್ಲದವರಿಗೆ ಒಂದು ಮಾತು. ಇದು ಇಸ್ಪೀಟಲ್ಲ. ಒಂದೊಂದು ಕಾರ್ಡಿನಲ್ಲೂ ಒಂದು ಮಾಯಾ ಪ್ರಾಣಿ, ಮೂಲೆಯಲ್ಲಿ ಅದರ ಬಲದ ಅಂಕಿ.

ಬಲ ಹೆಚ್ಚಿದರೆ ಕಾರ್ಡ್ ಮೇಲೆ ಕೌಂಟರ್ ಇಡಬೇಕು. ಒಂದು ಕೌಂಟರ್ ಅಂದರೆ ಒಂದು ಬಲ. ಪೆಟ್ಟಿಗೆಯಲ್ಲಿ ಬಂದ ಪ್ಲಾಸ್ಟಿಕ್ ಕೌಂಟರ್‌ಗಳು ಎಂದೋ ಸೋಫಾ ಕೆಳಗೆ ಸೇರಿಹೋಗಿವೆ... ಈಗ ನಮಗೆ ಹುಣಸೆ ಬೀಜವೇ ಕೌಂಟರ್.

ನಿಯಮ ಮಾತ್ರ ಕಟ್ಟುನಿಟ್ಟು. ಆಡುವವರು ತಮ್ಮ ಕೈಯಾರೆ ಇಡಬೇಕು. ಟೈಮ್ ಮುಗಿದಾಗ ಕಾರ್ಡ್ ಮೇಲೆ ಇದ್ದದ್ದಷ್ಟೇ ಲೆಕ್ಕ. ಕೆಳಗೆ ಉರುಳಿದ್ದಕ್ಕೆ ಬೆಲೆಯಿಲ್ಲ.

ಹೋದ ಭಾನುವಾರ ಫೈನಲ್. ನನ್ನೆದುರು ಹೊಂಬಳ ಟೀಚರ್. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುವವರು.

ಸ್ಟ್ರೋಕ್ ಆದ ಮೇಲೆ ಅವರ ಬಲಗೈ ಬೆರಳುಗಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಸಣ್ಣ ವಸ್ತುಗಳನ್ನು ಎತ್ತಿಡುವ ಅಭ್ಯಾಸ ಮಾಡಿ ಎಂದು ಫಿಸಿಯೋ ಹೇಳಿದ್ದರಂತೆ. ಅದಕ್ಕೇ ಮಗಳು ಮೇಘನಾ ಈ ಆಟ ಕಲಿಸಿದ್ದಳು... ಬೀಜ ಹಿಡಿಯುವ ನೆಪಕ್ಕೆ.

ಆಟಕ್ಕೆ ಮೊದಲು ಮೇಘನಾ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. ಅವ್ವನ ರಜೆ ಇವತ್ತಿಗೆ ಮುಗಿಯುತ್ತದೆ, ನಾಳೆ ಶಾಲೆಗೆ ಹೋಗಬೇಕು. ಇವತ್ತು ನಾಲ್ಕು ಜನರೆದುರು ಬೀಜ ನಿಲ್ಲಿಸಲಾಗದಿದ್ದರೆ ಹುಡುಗರೆದುರು ಸೀಮೆಸುಣ್ಣ ಹಿಡಿಯುವುದಿಲ್ಲ, ಕೆಲಸ ಬಿಡುತ್ತೇನೆ ಎಂದು ಅವ್ವ ಹಟ ಹಿಡಿದಿದ್ದಾರೆ ಎಂದು...

ನನಗೋ, ಟ್ರೋಫಿಯನ್ನು ಶೋಕೇಸಿನ ಯಾವ ಗೂಡಿನಲ್ಲಿಡುವುದೆಂಬ ಚಿಂತೆ.

ಟೈಮ್ ನೋಡಲು ಮೊಬೈಲ್ ಹಿಡಿದು ಕುಳಿತವಳು ನನ್ನ ಹೆಂಡತಿ ಸರೋಜಾ.

ಕೊನೆಯ ಸುತ್ತು ಬಂತು. ನನ್ನ ಡ್ರ್ಯಾಗನ್ ಬಲ ಎಂಟು. ಟೀಚರ್ ಹತ್ತಿರ ಉಳಿದದ್ದು ಒಂದು ಬಡಪಾಯಿ ಮೊಲ, ಬಲ ಎರಡು.

ಆಗ ಅವರು ಒಂದು ಮಂತ್ರದ ಕಾರ್ಡ್ ಇಳಿಸಿದರು... ಮೊಲಕ್ಕೆ ಏಳು ಕೌಂಟರ್ ಕೊಡುವ ಮಂತ್ರ. ಏಳೂ ನಿಂತರೆ ಮೊಲ ಗೆದ್ದಿತು. ಒಂದು ಉರುಳಿದರೂ ಬಲ ಸಮ, ಸಮವಾದರೆ ಮೇಲೆ ಬಿದ್ದ ಮೊಲಕ್ಕೇ ಸೋಲು.

ಒಂದು ಬೀಜ ಇಟ್ಟರು. ಎರಡು... ಮೂರನೆಯದು ಇಡುವಷ್ಟರಲ್ಲಿ ಮೊದಲಿನದು ಜಾರಿತು. ಎತ್ತಿಟ್ಟರು. ಇನ್ನೊಂದು ಜಾರಿತು. ಟೀಚರ್ ತಮ್ಮ ಬೆರಳನ್ನೇ ಬೈದುಕೊಳ್ಳುತ್ತಿದ್ದರು, ಮೆಲ್ಲಗೆ...

ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬೀಜ ನೋಡುತ್ತೇನೆ, ಮೊಬೈಲ್ ನೋಡುತ್ತೇನೆ, ಬಾಗಿಲು ನೋಡುತ್ತೇನೆ, ಮತ್ತೆ ಬೀಜ...

ಟೈಮ್ ಮುಗಿದೇಹೋಯಿತು. ಆಗ ನೋಡಿ ನನ್ನ ದೊಡ್ಡ ಮನಸ್ಸು... ಟೈಮಿನ ಯೋಚನೆ ಬಿಡಿ, ನಿಧಾನವಾಗಿ ಇಡಿ ಎಂದು ಟೀಚರ್‌ಗೆ ಹೇಳಿ, ಕೈ ಕಟ್ಟಿಕೊಂಡು ಋಷಿಯಂತೆ ಕುಳಿತೆ. ಏಳೂ ನಿಂತವು. ನಾನು ನಗುನಗುತ್ತಾ ಸೋತೆ. ಇಡೀ ಹುಬ್ಬಳ್ಳಿ ಕಣ್ಣೊರೆಸಿಕೊಂಡಿತು...

ಇಷ್ಟು ಟೈಪ್ ಮಾಡಿ ನಿಮಗೆ ಕಳಿಸಬೇಕು ಎನ್ನುವಷ್ಟರಲ್ಲಿ ನೋಡಿದರೆ... ಹಿಂದೆ ನಿಂತು ಓದುತ್ತಿದ್ದಳು ಸರೋಜಾ.

"ಋಷಿ ಹಂಗ ಕುಂತಿದ್ರೇನ್ರಿ ನೀವು? ಟೈಮ್ ಹಿಡಕೊಂಡು ಕುಂತಾಕಿ ನಾನು. ಖರೇ ಬರೀರಿ, ಇಲ್ಲಂದ್ರ ಅದರ ಕೆಳಗ ನಾನ ಬರದು ಕಳಸ್ತೀನಿ."

ಸರಿ... ಬರೆಯುತ್ತೇನೆ.

ಟೈಮ್ ಮುಗಿದಿರಲಿಲ್ಲ. ಮುಗಿಯಿತಾ, ಮುಗಿಯಿತಾ ಎಂದು ಸರೋಜಾಳ ಪ್ರಾಣ ತಿನ್ನುತ್ತಿದ್ದವನು ನಾನೇ. ಕೊನೆಗೆ ತಡೆಯಲಾಗದೆ, ಮುಂದೆ ಬಾಗಿ ನಾನೇ ಒಂದು ಬೀಜ ಎತ್ತಿ ಮೊಲದ ಮೇಲಿಟ್ಟೆ. ಕರುಣೆಯಿಂದಲ್ಲ... ಇದು ಬೇಗ ಮುಗಿಯಲಿ ಎಂದು.

ಟೀಚರ್ ಆ ಬೀಜವನ್ನು ತೆಗೆದು ನನ್ನತ್ತ ಸರಿಸಿದರು. ಮೊಲದ ಮೇಲೆ ಉಳಿದಿದ್ದ ನಾಲ್ಕು ಬೀಜಗಳನ್ನೇ ಒಂದು ಕ್ಷಣ ನೋಡಿದರು. ಅವು ಈಗ ಅಲ್ಲಾಡದೆ ನಿಂತಿದ್ದವು.

ಆಮೇಲೆ ಟೇಬಲ್ ಕೆಳಗೆ ನೋಡಿದರು.

"ಬೀಜ ನಾ ಇಡತೀನ್ರಿ ಸರ. ನೀವು ಬರೇ ಆ ಕಾಲು ಕುಣಸೂದು ನಿಲ್ಲಸ್ರಿ."

ನನ್ನ ಕಾಲು...

ಅಷ್ಟು ಹೊತ್ತೂ ನನ್ನ ಮೊಣಕಾಲು ಟೇಬಲ್‌ಗೆ ತಾಗಿ ಕುಣಿಯುತ್ತಿತ್ತು. ಮುಂದೆ ಬಾಗಿದಾಗ ಮಾತ್ರ ನಿಂತಿತ್ತು, ಹಿಂದೆ ಒರಗಿದ್ದೇ ಮತ್ತೆ ಶುರುವಾಗಿತ್ತು. ಬೀಜ ಉರುಳಿಸುತ್ತಿದ್ದದ್ದು ಅವರ ಕೈಯಲ್ಲ... ನಾನು.

ಎರಡೂ ಕೈಯಲ್ಲಿ ಮೊಣಕಾಲು ಅದುಮಿ ಹಿಡಿದು ಕುಳಿತೆ. ಅಷ್ಟೇ ನಾನು ಮಾಡಿದ ಉಪಕಾರ.

ಐದು... ಆರು... ಏಳು.

ಡ್ರ್ಯಾಗನ್ ಸತ್ತಿತು. ನಾನು ನಗಲಿಲ್ಲ, ಮುಖ ಹುಳ್ಳಗಾಗಿತ್ತು. ಟೀಚರ್ ಟ್ರೋಫಿಯ ಕಡೆ ನೋಡಲೂ ಇಲ್ಲ. ತಮ್ಮ ಬೆರಳುಗಳನ್ನು ಬಿಡಿಸಿ, ಮಡಿಸಿ, ನೋಡುತ್ತಲೇ ಇದ್ದರು. ಅತ್ತದ್ದು ಇಡೀ ಹುಬ್ಬಳ್ಳಿಯಲ್ಲ... ಮೇಘನಾ ಒಬ್ಬಳು. ಆಮೇಲೆ, ಸರೋಜಾ ನೋಡದ ಹಾಗೆ, ನಾನು.

ಸೋಮವಾರ ಟೀಚರ್ ಶಾಲೆಗೆ ಹೋದರು.

*ಹತ್ತಿರದವರಿಗೆ ಎಷ್ಟೋ ಸಲ ಬೇಕಾದದ್ದು ನಮ್ಮ ಕೈಯ ಸಹಾಯವಲ್ಲ... ಅವರ ಟೇಬಲ್ ಅನ್ನು ನಾವು ಅಲ್ಲಾಡಿಸದಿದ್ದರೆ ಸಾಕು.*

ಇವತ್ತು ನಿಮ್ಮ ಮನೆಯಲ್ಲಿ ಯಾರದೋ ಕೈ ನಡುಗುತ್ತಿದೆ ಎಂದುಕೊಂಡಿದ್ದೀರಲ್ಲ... ನಿಮ್ಮ ಕಾಲು ಸುಮ್ಮನಿದೆಯೇ, ನೋಡಿಕೊಂಡಿರಾ?